ದಿನಕ್ಕೆ ಹನ್ನೆರಡು ನಿಮಿಷ

ಕ್ಯಾಂಪಿನಿಂದ ಜೆಟ್ಟಿಗೆ ಬಸ್ಸು ಹನ್ನೆರಡು ನಿಮಿಷ.
ಅಷ್ಟೇ ನನ್ನ ಶಾಲೆ.
ತೂಕದ ಚೀಟಿಯ ಬೆನ್ನ ಮೇಲೆ ಮೂವತ್ತು ಮನೆ ಗೀಚಿ
ದಿನಕ್ಕೊಂದು ಕಾಟು ಹಾಕುವ ಪಂಥ
ನನಗೂ ನನಗೂ.

ಸೊಹಾರಿಗೆ ಬರುವ ಹಡಗಿನ ತುಂಬ ಅದಿರು,
ಬ್ರೆಜಿಲ್ಲಿನದು. ಮುಚ್ಚಳ ಸರಿಸಿದರೆ ಕೆಂಧೂಳು
ಕಾಲರಿನೊಳಗೆ, ಕಿವಿಯೊಳಗೆ, ಚಪಾತಿಯ ಮಡಿಕೆಯೊಳಗೆ.
ಸಂಡೂರಿನಲ್ಲಿ ಲಾರಿ ತೂಗುತ್ತಿದ್ದವನು ನಾನು.
ಗಣಿ ನಿಂತ ವರ್ಷ ವೇಬ್ರಿಡ್ಜೂ ನಿಂತಿತು, ನಾನು ಹೊರಟೆ.
ಇಲ್ಲಿ ಬಂದು ನೋಡಿದರೆ ಇಲ್ಲೂ ಅದೇ ಬಣ್ಣ,
ಬೇರೆ ಬೆಟ್ಟದ್ದು, ಬೇರೆ ಮಾತಿನದು.
ಆ ಮಾತು ಯಾವುದು, ಕೇಳಿ ನೋಡೋಣ ಅನ್ನಿಸಿತು.
ಬೇರೆ ಕಾರಣವಿಲ್ಲ.

'ಪೋರ್ಚುಗೀಸು ಕಲಿತರೆ ಪಗಾರ ಏರುತ್ತದಾ?'
ಎಂದ ಫೋರ್ಮನ್ ಸಜೀವನ್.
ಒಂಬತ್ತನೆಯ ದಿನ ಗೊತ್ತಾಯಿತು
ಪಗಾರವೂ ಅವರದೇ.
ಮೇಜು ಅವರದು, ಮೇಜಿನ ಮೇಲಿಟ್ಟ ಚಾವಿ ಅವರದು,
ಬಾಲ್ದಿ ಅವರದು. ಬಾಲ್ದಿಯೊಳಗೆ ಬಿದ್ದ ಸಾಬೂನಿಗೆ ಮಾತ್ರ
ಡ್ರೈವರ್ ಮುರಾದ್ ಬಖ್ಶನ ತಕರಾರು:
ಅದು ಅರಬ್ಬರದು, ಬಿಟ್ಟುಕೊಡಬೇಡ.
ಸಹಿ ಹಾಕಲೂ ಬಾರದ ನಮ್ಮವ್ವ
'ಚಾವಿ ಎಲ್ಲಿಟ್ಟಿಯೋ, ಬಟಾಟಿ ತಂದಿಯೇನೋ' ಎಂದು
ಜೀವಮಾನವಿಡೀ ಪೋರ್ಚುಗೀಸು ಮಾತಾಡಿದ್ದಳು,
ಒಂದು ದಿನವೂ ಪಾಠ ತಪ್ಪಿಸದೆ.

ಹದಿಮೂರನೆಯ ದಿನ ರ ಕೈಕೊಟ್ಟಿತು.
ಬರೆಯುವುದು ತೆರ್ರ, ಮಣ್ಣು ಎಂದು ಅರ್ಥ;
ಬ್ರೆಜಿಲಿನ ಬಾಯಲ್ಲಿ ಅದು ತೆಹ.
ಇದೇನು ಹುಚ್ಚೆಂದು ಇಯರ್‌ಫೋನು ಕಿತ್ತೆ.
ಆಮೇಲೆ ನೆನಪಾದರು ಏಳನೆಯ ಇಯತ್ತೆಯ ಅಂಬಣ್ಣ ಮೇಷ್ಟ್ರು:
ಹಲಗೆಯ ಮೇಲೆ 'ಪಾಲು' ಬರೆದು, ಪ ಒರೆಸಿ, 'ಹಾಲು' ಮಾಡಿ
'ಇದಕ್ಕೆ ನೂರಾರು ವರ್ಷ ಹಿಡೀತು ಕಣ್ರೋ,
ನೀವು ಒಂದು ತಾಸು ಕೂತ್ಕೊಳ್ಳೋಕಾಗಲ್ವಾ' ಎಂದಿದ್ದರು.
ಎರಡು ರ ಇದ್ದವಂತೆ ನಮಗೂ ಆಗ.
ಒಂದನ್ನು ಎಲ್ಲೋ ಬೀಳಿಸಿಕೊಂಡೆವು.
ಇವರು ಎರಡನ್ನೂ ಇಟ್ಟುಕೊಂಡಿದ್ದಾರೆ.

ಹದಿನೇಳು, ಹದಿನೆಂಟು ಖಾಲಿ. ಎರಡು ಪಾಳಿ, ಮೇಲೆ ಶಮಾಲ್ ಗಾಳಿ.
ಹತ್ತೊಂಬತ್ತಕ್ಕೆ ಕಾಟು ಇದೆ. ಅದು ಸುಳ್ಳು,
ಕಿಟಕಿಗೆ ಹಣೆ ಒತ್ತಿ ಮಲಗಿದ್ದೆ.

ಇಪ್ಪತ್ತೆರಡರಂದು: ಇರುವುದಕ್ಕೆ ಅವರಲ್ಲಿ ಎರಡು ಕ್ರಿಯಾಪದ.
ಬದಲಾಗದ್ದಕ್ಕೆ ಸೋ, ಸದ್ಯಕ್ಕಿರುವುದಕ್ಕೆ ಇಸ್ತೋ.
ಹನ್ನೊಂದು ವರ್ಷದಿಂದ ಸೊಹಾರಿನಲ್ಲಿ ಇಸ್ತೋ ನಾನು,
ಎರಡೆರಡು ವರ್ಷದ ವೀಸಾ ಸೇರಿಸಿ ಹೊಲಿದು.
ಸಂಡೂರಿನವನು ಅನ್ನಲು ಸೋ.
ಕನ್ನಡದಲ್ಲಾದರೆ ಅದಕ್ಕೆ ಕ್ರಿಯಾಪದವೇ ಬೇಡ.
ನಾನು ಸಂಡೂರಿನವನು.
ನಡುವೆ ಏನೂ ಇಲ್ಲ, ಬೆರಳು ತೂರಿಸುವಷ್ಟೂ.

ಇಪ್ಪತ್ತೇಳರ ಸಂಜೆ ಹಡಗು ಬಂತು.
ಏಣಿಯ ಬುಡದಲ್ಲಿ ಹುಬ್ಬಿನವರೆಗೂ ಕೆಂಪಾದವನೊಬ್ಬ;
ಹೆಲ್ಮೆಟ್ಟಿನ ಮೇಲೆ ಎಡ್ನಾಲ್ಡು ಎಂದಿತ್ತು.
'ಬೋಂ ದೀಯ' ಎಂದೆ. ಅದು ಬೆಳಗ್ಗೆ ಅನ್ನುವುದು.
ಅವನು ಮುಳುಗುವ ಸೂರ್ಯನನ್ನು ನೋಡಿ, ನನ್ನನ್ನು ನೋಡಿ,
ಕೆಮ್ಮು ಬರುವಷ್ಟು ನಕ್ಕ.
ಕಂಬಿಯ ಮೇಲಿನ ಧೂಳನ್ನು ಅಂಗೈಗೆ ಬಳಿದುಕೊಂಡು ತೋರಿಸಿದೆ:
'ಮಿಞ ತೆಹ ತಂಬೇಂ.'
ನನ್ನ ಮಣ್ಣೂ ಇದೇ.
ಜ್ಞಾನದ ಕಾಲಡಿ ಮುದುರಿ ಕೂತಿದ್ದ ಞ,
ಒಂದನೆಯ ಇಯತ್ತೆಯಿಂದ ನಿರುದ್ಯೋಗಿ,
ಅದಕ್ಕೂ ಕೊನೆಗೆ ಗಲ್ಫಿನಲ್ಲೇ ಕೆಲಸ ಸಿಕ್ಕಿತು.

ಅವನು ಅಂಗೈ ನೋಡಿದ. ನಗು ನಿಂತಿತು.
ಏನೋ ಹೇಳಿದ, ಉದ್ದಕ್ಕೆ, ಬಹಳ ವೇಗವಾಗಿ,
ಕ್ರೇನಿನ ಸದ್ದಿನ ಆಚೆಯಿಂದ.
ತಿಳಿಯಲಿಲ್ಲ.
ಎರಡು ಸಲ ಬಂದ ಒಂದು ಪದ ಮಾತ್ರ ಕಿವಿಯಲ್ಲುಳಿಯಿತು
ಧೂಳಿನ ಜೊತೆಗೆ.

ಚೀಟಿಯಲ್ಲಿ ಇನ್ನೂ ಮೂರು ಮನೆ ಇವೆ.
ನಾಳೆ ಅದನ್ನು ಹುಡುಕಬೇಕು.
ಮುರಾದ್, ಬಸ್ಸು ಸ್ವಲ್ಪ ನಿಧಾನ.